ಗಡಿ ದಾಟಿದ ದುಡಿಮೆಯ ಲೆಕ್ಕ: ಯುರೋಪಿನಲ್ಲಿ ಉದ್ಯೋಗ ನೀತಿಯ ಸಮನ್ವಯ

ಹತ್ತು ವರ್ಷ ಸ್ಪೇನಿನಲ್ಲಿ, ಇಪ್ಪತ್ತು ವರ್ಷ ಫ್ರಾನ್ಸಿನಲ್ಲಿ, ಕೊನೆಯ ಹತ್ತು ವರ್ಷ ಜರ್ಮನಿಯಲ್ಲಿ ಗಾರೆ ಕೆಲಸ ಮಾಡಿ ನಿವೃತ್ತಿಯ ವಯಸ್ಸಿಗೆ ಬಂದ ಒಬ್ಬ ಕಾರ್ಮಿಕರನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಉಪನ್ಯಾಸವನ್ನು ಆರಂಭಿಸುತ್ತೇನೆ. ಮೂರೂ ದೇಶಗಳಲ್ಲಿ ಅವರ ಕೂಲಿಯಿಂದ ಪಿಂಚಣಿಯ ವಂತಿಗೆ ಕಡಿತವಾಗಿದೆ. ಸ್ಪೇನಿನ ಕಾನೂನಿನ ಪ್ರಕಾರ ವಂತಿಗೆ ಆಧಾರಿತ ಪಿಂಚಣಿ ಸಿಗಬೇಕಾದರೆ ಕನಿಷ್ಠ 15 ವರ್ಷ ವಂತಿಗೆ ಕಟ್ಟಿರಬೇಕು. ಆ ಕಾನೂನೊಂದನ್ನೇ ಹಿಡಿದು ನೋಡಿದರೆ, ಅಲ್ಲಿ ಅವರು ಬೆವರು ಸುರಿಸಿದ ಹತ್ತು ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ಯುರೋಪಿಯನ್ ಒಕ್ಕೂಟದ 883/2004 ಸಂಖ್ಯೆಯ ನಿಯಮಾವಳಿ ಅವರ ನೆರವಿಗೆ ಬರುವುದು ಇಲ್ಲಿಯೇ. ಅರ್ಹತೆಯನ್ನು ತೀರ್ಮಾನಿಸುವಾಗ ಸ್ಪೇನು ಉಳಿದ ಎರಡು ದೇಶಗಳ ಮೂವತ್ತು ವರ್ಷಗಳನ್ನೂ ಕೂಡಿಸಿಕೊಳ್ಳಬೇಕು. ನಲವತ್ತು ವರ್ಷವೂ ಸ್ಪೇನಿನಲ್ಲೇ ದುಡಿದಿದ್ದರೆ ಎಷ್ಟು ಪಿಂಚಣಿ ಬರುತ್ತಿತ್ತೆಂದು ಲೆಕ್ಕ ಹಾಕಿ, ಅದರ ನಾಲ್ಕನೇ ಒಂದು ಭಾಗವನ್ನು ಕೊಡಬೇಕು. ಇದೇ ಕ್ರಮದಲ್ಲಿ ಫ್ರಾನ್ಸಿನ ಪಾಲು ಅರ್ಧ, ಜರ್ಮನಿಯ ಪಾಲು ಕಾಲು ಭಾಗ. ಸ್ವಂತ ಕಾನೂನಿನಂತೆ ಮಾಡಿದ ಲೆಕ್ಕದಲ್ಲಿ ಹೆಚ್ಚು ಮೊತ್ತ ಬರುವುದಾದರೆ ಆ ಹೆಚ್ಚಿನ ಮೊತ್ತವನ್ನೇ ಆ ದೇಶ ಕೊಡಬೇಕಾಗುತ್ತದೆ.

ಈ ಏರ್ಪಾಡಿಗಾಗಿ ಮೂರು ದೇಶಗಳ ಪೈಕಿ ಒಂದೂ ತನ್ನ ಪಿಂಚಣಿ ಪದ್ಧತಿಯನ್ನು ಬದಲಿಸಿಕೊಂಡಿಲ್ಲ ಎಂಬುದನ್ನು ಗಮನಿಸಬೇಕು. ನಿವೃತ್ತಿಯ ವಯಸ್ಸು ಬೇರೆಯಾಗಿಯೇ ಇದೆ, ವಂತಿಗೆಯ ದರವೂ ಬೇರೆಯಾಗಿಯೇ ಇದೆ. ಎರಡು ಕಾನೂನುಗಳ ನಡುವಿನ ಸಂದಿನಲ್ಲಿ ಮನುಷ್ಯನೊಬ್ಬ ಬಿದ್ದುಹೋಗದಂತೆ ನೋಡಿಕೊಳ್ಳುವುದಷ್ಟೇ ಇಲ್ಲಿ ನಡೆದಿರುವ ಕೆಲಸ. ಸಮನ್ವಯ ಎಂಬ ಮಾತನ್ನು ನಾನು ಈ ಅರ್ಥದಲ್ಲಿ ಬಳಸುತ್ತಿದ್ದೇನೆ. ಯುರೋಪಿನ ದೇಶಗಳು ಉದ್ಯೋಗದ ವಿಷಯದಲ್ಲಿ ಪರಸ್ಪರ ಹೊಂದಿಕೊಂಡು ನಡೆಯಲು ಮಾಡಿದ ಪ್ರಯತ್ನಗಳಲ್ಲಿ, ಇಂಥ ಲೆಕ್ಕದ ಮಟ್ಟಕ್ಕೆ ಇಳಿದವು ಗಟ್ಟಿಯಾಗಿ ನಿಂತಿವೆ. ಗುರಿ ಮತ್ತು ವರದಿಗಳ ಮಟ್ಟದಲ್ಲೇ ಉಳಿದವು, ಬೆನ್ನಿಗೆ ಹಣ ಇಲ್ಲದಿದ್ದಾಗಲೆಲ್ಲ ಸೊರಗಿವೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಚರಿತ್ರೆಯಿಂದಲೇ ಹುಡುಕಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೆಲ್ಜಿಯಮ್ಮಿನ ಕಲ್ಲಿದ್ದಲು ಗಣಿಗಳಿಗೆ ಆಳುಗಳು ಬೇಕಾಗಿದ್ದರು, ಇಟಲಿಗೆ ಕಲ್ಲಿದ್ದಲು ಬೇಕಾಗಿತ್ತು. 1946ರಲ್ಲಿ ಎರಡೂ ಸರ್ಕಾರಗಳು ಈ ಕೊಡುಕೊಳ್ಳುವಿಕೆಗೆ ಒಪ್ಪಂದ ಮಾಡಿಕೊಂಡವು. ಹತ್ತು ವರ್ಷಗಳ ನಂತರ, 1956ರ ಆಗಸ್ಟ್ 8ರಂದು, ಮಾರ್ಸಿನೆಲ್ ಎಂಬಲ್ಲಿನ ಗಣಿಯೊಳಗೆ ಬೆಂಕಿ ಹೊತ್ತಿಕೊಂಡು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಪರದೇಶದ ನೆಲದಡಿ ಸತ್ತವರ ಹೆಂಡತಿ ಮಕ್ಕಳಿಗೆ ಪರಿಹಾರ ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾವ ದೇಶದ ಕಚೇರಿಯ ಬಾಗಿಲು ತಟ್ಟಬೇಕು ಎಂಬವು ಆ ಕಾಲದ ಯುರೋಪಿನಲ್ಲಿ ದಿನನಿತ್ಯದ ಪ್ರಶ್ನೆಗಳಾಗಿದ್ದವು. ಮರುವರ್ಷ ಆರು ದೇಶಗಳು, ಇಂದಿನ ಒಕ್ಕೂಟದ ಪೂರ್ವರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಕಟ್ಟುವ ರೋಮ್ ಒಪ್ಪಂದಕ್ಕೆ ಸಹಿ ಹಾಕಿದವು. ಆ ಹೊಸ ಸಮುದಾಯ ಹೊರಡಿಸಿದ ಮೊದಮೊದಲ ನಿಯಮಾವಳಿಗಳಲ್ಲಿ ಮೂರನೆಯದು, ಅಂದರೆ 1958ರ ನಿಯಮಾವಳಿ ಸಂಖ್ಯೆ 3, ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಸಂಬಂಧಿಸಿದ್ದು. ನಾನು ಮೊದಲು ಹೇಳಿದ 2004ರ ನಿಯಮಾವಳಿ ಅದರ ಮೊಮ್ಮಗು ಎನ್ನಬಹುದು. ನಡುವೆ 1971ರದೊಂದು ಇತ್ತು. ರಾಜಕೀಯ ಏಕತೆಯ ದೊಡ್ಡ ಮಾತುಗಳಿಗೆ ಮೊದಲೇ ಕಾರ್ಮಿಕರ ವಿಮಾ ಅವಧಿಯನ್ನು ಕೂಡಿಸುವ ಕೆಲಸ ಶುರುವಾಗಿತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇದು ಗಡಿ ದಾಟುವವರ ಮಾತಾಯಿತು. ಗಡಿ ದಾಟದೆ, ಇದ್ದ ಊರಿನಲ್ಲೇ ಕೆಲಸವಿಲ್ಲದೆ ಕುಳಿತವರ ಹೊಣೆಯನ್ನು ಮಾತ್ರ ಆಯಾ ಸರ್ಕಾರಗಳು ಬಹುಕಾಲ ತಮ್ಮಲ್ಲೇ ಇಟ್ಟುಕೊಂಡವು. 1990ರ ದಶಕದ ನಡುಭಾಗದಲ್ಲಿ ಒಕ್ಕೂಟದ ನಿರುದ್ಯೋಗ ಶೇ. 10ನ್ನು ಮೀರಿದಾಗ ಆ ನಿಲುವು ಸಡಿಲವಾಯಿತು. ಆಗ ಒಂದೇ ನಾಣ್ಯದ ಸಿದ್ಧತೆ ನಡೆಯುತ್ತಿತ್ತು; ಅದಕ್ಕೆ ಸೇರಬಯಸುವ ದೇಶದ ಬಜೆಟ್ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇ. 3ನ್ನು ಮೀರಬಾರದು, ಸಾಲ ಶೇ. 60ರ ಮಿತಿಯಲ್ಲಿರಬೇಕು ಎಂದು ಮಾಸ್ಟ್ರಿಕ್ಟ್ ಒಪ್ಪಂದ ವಿಧಿಸಿತ್ತು. ಹಣಕಾಸಿಗೆ ಇಷ್ಟು ಕಟ್ಟುನಿಟ್ಟಾದ ಅಂಕೆಗಳಿರುವಾಗ ಉದ್ಯೋಗಕ್ಕೆ ಏಕಿಲ್ಲ ಎಂಬ ಪ್ರಶ್ನೆ ಎದ್ದಿತು. ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ, ಜಾಕ್ ಡೆಲೋರ್ ಅಧ್ಯಕ್ಷತೆಯಲ್ಲಿ, 1993ರಲ್ಲಿ ಬೆಳವಣಿಗೆ ಮತ್ತು ಉದ್ಯೋಗದ ಬಗ್ಗೆ ಶ್ವೇತಪತ್ರ ತಂದಿತ್ತು. 1995ರಲ್ಲಿ ಒಕ್ಕೂಟ ಸೇರಿದ ಸ್ವೀಡನ್ ಉದ್ಯೋಗಕ್ಕೆ ಒಪ್ಪಂದದಲ್ಲೇ ಪ್ರತ್ಯೇಕ ಅಧ್ಯಾಯ ಬೇಕೆಂದು ಪಟ್ಟು ಹಿಡಿಯಿತು. 1997ರ ಆಮ್ಸ್ಟರ್‌ಡಾಂ ಒಪ್ಪಂದದಲ್ಲಿ ಆ ಅಧ್ಯಾಯ ಸೇರಿತು. ಒಪ್ಪಂದ ಜಾರಿಯಾದದ್ದು 1999ರಲ್ಲಾದರೂ, ಅಲ್ಲಿಯವರೆಗೆ ಕಾಯದೆ 1997ರ ನವೆಂಬರ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿ ಉದ್ಯೋಗಕ್ಕೆಂದೇ ಶೃಂಗಸಭೆ ಸೇರಿ ಯುರೋಪಿಯನ್ ಉದ್ಯೋಗ ಕಾರ್ಯತಂತ್ರಕ್ಕೆ ಚಾಲನೆ ಕೊಡಲಾಯಿತು.

ಈ ಕಾರ್ಯತಂತ್ರದ ಯಂತ್ರ ಸರಳವಾದದ್ದು. ಎಲ್ಲರೂ ಸೇರಿ ಮಾರ್ಗಸೂಚಿಗಳನ್ನು ಒಪ್ಪುತ್ತಾರೆ. ಪ್ರತಿ ದೇಶವೂ ಅದರಂತೆ ತಾನು ಏನು ಮಾಡಿದೆ, ಏನು ಮಾಡಲಿದೆ ಎಂದು ಬರೆದು ಸಲ್ಲಿಸುತ್ತದೆ. ಉದ್ಯೋಗ ಸಮಿತಿಯಲ್ಲಿ ಒಂದು ದೇಶದ ಅಧಿಕಾರಿಗಳು ಇನ್ನೊಂದು ದೇಶದವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಕೊನೆಗೆ ಎಲ್ಲ ಸದಸ್ಯ ರಾಷ್ಟ್ರಗಳ ಸಚಿವರು ಸೇರುವ ಮಂಡಳಿ ಆ ದೇಶಕ್ಕೆ ಶಿಫಾರಸು ಮಾಡಬಹುದು. ಶಿಫಾರಸನ್ನು ಪಾಲಿಸದಿದ್ದರೆ ದಂಡವಿಲ್ಲ. ಅಷ್ಟೇ ಅಲ್ಲ, ಸದಸ್ಯ ರಾಷ್ಟ್ರಗಳ ಕಾನೂನುಗಳನ್ನು ಏಕರೂಪಗೊಳಿಸುವ ಕೆಲಸಕ್ಕೆ ಈ ಅಧ್ಯಾಯವನ್ನು ಬಳಸಕೂಡದೆಂದು ಒಪ್ಪಂದವೇ ಸ್ಪಷ್ಟವಾಗಿ ತಡೆ ಹಾಕಿದೆ. 2000ದ ಲಿಸ್ಬನ್ ಶೃಂಗಸಭೆ ಈ ಪದ್ಧತಿಗೆ ಮುಕ್ತ ಸಮನ್ವಯ ವಿಧಾನ ಎಂದು ಹೆಸರಿಟ್ಟು ಬೇರೆ ಕ್ಷೇತ್ರಗಳಿಗೂ ವಿಸ್ತರಿಸಿತು.

ದಂಡವಿಲ್ಲದ ಪದ್ಧತಿಯನ್ನು ಹಲ್ಲಿಲ್ಲದ್ದೆಂದು ತಳ್ಳಿಹಾಕುವವರಿದ್ದಾರೆ. ನಾನು ಅಷ್ಟು ಬೇಗ ಆ ತೀರ್ಮಾನಕ್ಕೆ ಬರಲಾರೆ, ಏಕೆಂದರೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪ್ರಶ್ನಿಸಬೇಕಾದರೆ ಇಬ್ಬರ ಅಳತೆಗೋಲೂ ಒಂದೇ ಆಗಿರಬೇಕು, ಮತ್ತು ಅಳತೆಗೋಲನ್ನು ಒಂದಾಗಿಸುವುದೇ ದೊಡ್ಡ ಕೆಲಸ. ಅದು ಎಷ್ಟು ಸೂಕ್ಷ್ಮವಾದದ್ದೆಂದು ಹತ್ತಿರದಿಂದ ನೋಡೋಣ. ಜರ್ಮನಿಯಲ್ಲಿ ಒಬ್ಬ ಮಹಿಳೆ ವಾರಕ್ಕೆ ಹತ್ತು ಗಂಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತ, ಪೂರ್ಣಾವಧಿ ಕೆಲಸಕ್ಕಾಗಿ ಹುಡುಕುತ್ತಿದ್ದಾರೆ ಎಂದುಕೊಳ್ಳಿ. ವಾರದ ದುಡಿಮೆ 15 ಗಂಟೆಗಿಂತ ಕಡಿಮೆಯಿದ್ದರೆ ನಿರುದ್ಯೋಗಿಯಾಗಿ ನೋಂದಾಯಿಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಆದ್ದರಿಂದ ಉದ್ಯೋಗ ಕಚೇರಿಯ ಪಟ್ಟಿಯಲ್ಲಿ ಅವರು ನಿರುದ್ಯೋಗಿ. ಅದೇ ವಾರ ಕಾರ್ಮಿಕ ಬಲದ ಸಮೀಕ್ಷೆ ಮಾಡುವವರು ಅವರ ಮನೆಗೆ ಬಂದರೆ ಕೇಳುವ ಪ್ರಶ್ನೆ ಬೇರೆ: ಉಲ್ಲೇಖಿತ ವಾರದಲ್ಲಿ ಕೂಲಿಗಾಗಿ ಅಥವಾ ಲಾಭಕ್ಕಾಗಿ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ? ಹೌದು ಎಂದರೆ ಅವರು ಉದ್ಯೋಗಸ್ಥರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯೆಯಂತೆ ನಿರುದ್ಯೋಗಿ ಎನಿಸಿಕೊಳ್ಳಲು ಆ ಒಂದು ಗಂಟೆಯ ಕೆಲಸವೂ ಇರಬಾರದು, ಕಳೆದ ನಾಲ್ಕು ವಾರಗಳಲ್ಲಿ ಕೆಲಸಕ್ಕಾಗಿ ಪ್ರಯತ್ನಪಟ್ಟಿರಬೇಕು, ಎರಡು ವಾರಗಳೊಳಗೆ ಕೆಲಸಕ್ಕೆ ಸೇರಲು ಸಿದ್ಧರಿರಬೇಕು. ಹೀಗೆ ಒಬ್ಬರೇ ವ್ಯಕ್ತಿ, ಒಂದೇ ವಾರ, ಎರಡು ಲೆಕ್ಕ.

ಒಂದು ಗಂಟೆಯ ವ್ಯಾಖ್ಯೆಯಿಂದ ದೇಶ ದೇಶಗಳನ್ನು ಹೋಲಿಸುವುದು ಸಾಧ್ಯವಾಯಿತು. ಅದರ ಜೊತೆಗೆ ಅದು ಮರೆಮಾಡುವ ಸಂಗತಿಗಳನ್ನೂ ನೋಡಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ದುಡಿಯುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರೆಕಾಲಿಕ ಕೆಲಸದಲ್ಲಿದ್ದಾರೆ; ಉದ್ಯೋಗ ಪ್ರಮಾಣದ ಪಟ್ಟಿಯಲ್ಲಿ ಆ ದೇಶ ಮೇಲಿನ ಸಾಲಿನಲ್ಲಿ ನಿಲ್ಲುತ್ತದೆ. ಎಲ್ಲರೂ ವಾರವಿಡೀ ದುಡಿಯುವ ಇನ್ನೊಂದು ದೇಶ ಅದಕ್ಕಿಂತ ಕೆಳಗಿರಬಹುದು. ಅಂಕಿ ಸುಳ್ಳಲ್ಲ, ಆದರೆ ಆ ಅಂಕಿಯಿಂದ ಮನೆಗೆ ಬರುವ ಸಂಬಳ ಎಷ್ಟೆಂದು ತಿಳಿಯುವುದಿಲ್ಲ.

ಲಿಸ್ಬನ್‌ನಲ್ಲಿ ಇಟ್ಟುಕೊಂಡ ಗುರಿಗಳು ಇಂಥ ಅಂಕಿಗಳಲ್ಲೇ ಇದ್ದವು: 2010ರ ಹೊತ್ತಿಗೆ ದುಡಿಯುವ ವಯಸ್ಸಿನವರಲ್ಲಿ ಶೇ. 70, ಹೆಂಗಸರಲ್ಲಿ ಶೇ. 60ಕ್ಕಿಂತ ಹೆಚ್ಚು ಮಂದಿ ಉದ್ಯೋಗದಲ್ಲಿರಬೇಕು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ 55ರಿಂದ 64 ವಯಸ್ಸಿನವರಿಗೆ ಶೇ. 50ರ ಗುರಿ ಸೇರಿತು. ಒಟ್ಟು ಗುರಿ ಮುಟ್ಟಲಿಲ್ಲ. ಆದರೂ ಗುರಿಯೊಂದು ಹೇಗೆ ಹೊಸ ಪ್ರಶ್ನೆಗಳನ್ನು ಎಳೆದು ತರುತ್ತದೆ ಎಂಬುದಕ್ಕೆ ಹೆಂಗಸರ ಉದ್ಯೋಗದ ಅಂಕಿ ಒಳ್ಳೆಯ ಸಾಕ್ಷಿ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ತಾಯಿ ಕೆಲಸಕ್ಕೆ ಹೋಗುವುದು ಹೇಗೆ? 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ನಾಯಕರು, ಮೂರು ವರ್ಷದೊಳಗಿನ ಮಕ್ಕಳಲ್ಲಿ ಶೇ. 33, ಮೂರರಿಂದ ಶಾಲೆಗೆ ಸೇರುವ ವಯಸ್ಸಿನವರೆಗಿನ ಮಕ್ಕಳಲ್ಲಿ ಶೇ. 90ರಷ್ಟು ಮಂದಿಗೆ ಶಿಶುಪಾಲನೆಯ ವ್ಯವಸ್ಥೆ ಇರಬೇಕೆಂದು ಒಪ್ಪಿದರು. ಅಲ್ಲಿಯವರೆಗೆ ಕುಟುಂಬದ ಖಾಸಗಿ ವಿಷಯ ಎಂದು ಬದಿಗಿಟ್ಟಿದ್ದ ಸಂಗತಿ ಹೀಗೆ ಉದ್ಯೋಗ ಸಚಿವರ ಮೇಜಿನ ಮೇಲೆ ಬಂತು. ಈ ಪದ್ಧತಿಯ ಬಗ್ಗೆ ನನಗಿರುವ ಗೌರವದ ಬಹುಪಾಲು ಈ ಒಂದು ಬೆಳವಣಿಗೆಯಿಂದಲೇ ಬಂದದ್ದು.

ಆ ಗೌರವಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2010ರ ನಂತರದ ವರ್ಷಗಳಲ್ಲಿ. ಆ ವರ್ಷ ಒಪ್ಪಿದ ಉದ್ಯೋಗ ಮಾರ್ಗಸೂಚಿಗಳಲ್ಲಿ ಕೆಲಸದ ಗುಣಮಟ್ಟವನ್ನು ಹೆಚ್ಚಿಸಬೇಕೆಂಬ ಮಾತು ಸ್ಪಷ್ಟವಾಗಿತ್ತು. ಅದೇ ಹೊತ್ತಿಗೆ ಗ್ರೀಸ್ ಸಾಲದ ಬಿಕ್ಕಟ್ಟಿಗೆ ಸಿಕ್ಕಿತ್ತು. ಸಾಲ ಕೊಡುವವರ ಶರತ್ತಿನಂತೆ 2012ರಲ್ಲಿ ಅಲ್ಲಿನ ಕನಿಷ್ಠ ವೇತನವನ್ನು ಶೇ. 22ರಷ್ಟು, 25 ವರ್ಷದೊಳಗಿನವರಿಗೆ ಶೇ. 32ರಷ್ಟು ಕಡಿತಗೊಳಿಸಲಾಯಿತು. ತಿಂಗಳಿಗೆ 751 ಯೂರೋ ಇದ್ದದ್ದು 586ಕ್ಕೆ ಇಳಿಯಿತು. ಶರತ್ತು ವಿಧಿಸಿದ ಮೂರು ಸಂಸ್ಥೆಗಳಲ್ಲಿ ಒಂದು, ಉದ್ಯೋಗ ಮಾರ್ಗಸೂಚಿಗಳನ್ನು ರೂಪಿಸುವ ಅದೇ ಯುರೋಪಿಯನ್ ಆಯೋಗ. 2013ರಲ್ಲಿ ಗ್ರೀಸ್ ಮತ್ತು ಸ್ಪೇನ್ ಎರಡರಲ್ಲೂ ದುಡಿಯುತ್ತಿದ್ದ ಅಥವಾ ಕೆಲಸ ಹುಡುಕುತ್ತಿದ್ದ 25 ವರ್ಷದೊಳಗಿನವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಅಳಿಸಿತು, ಮತ್ತು ಅಳಿಸಿದ ಕೈಯಲ್ಲಿ ಹಣವಿತ್ತು. ಹಣಕಾಸಿನ ಶಿಸ್ತಿಗೆ ದಂಡದ ಬಲವಿದ್ದು ಉದ್ಯೋಗಕ್ಕೆ ಕೇವಲ ಶಿಫಾರಸಿನ ಬಲವಿದ್ದರೆ, ಇಕ್ಕಟ್ಟಿನ ಹೊತ್ತಿನಲ್ಲಿ ಯಾವುದು ಸೋಲುತ್ತದೆಂದು ಆ ತಲೆಮಾರಿನ ಗ್ರೀಕ್ ಯುವಜನರು ತಮ್ಮ ಬದುಕಿನಲ್ಲೇ ಕಂಡರು.

ಇದಕ್ಕೆ ಉತ್ತರವಾಗಿ 2013ರ ಏಪ್ರಿಲ್‌ನಲ್ಲಿ ಯುವ ಖಾತರಿ ಎಂಬ ಶಿಫಾರಸು ಬಂತು. ಓದು ಬಿಟ್ಟ ಅಥವಾ ಕೆಲಸ ಕಳೆದುಕೊಂಡ 25 ವರ್ಷದೊಳಗಿನ ಪ್ರತಿಯೊಬ್ಬರಿಗೂ ನಾಲ್ಕು ತಿಂಗಳೊಳಗೆ ಒಳ್ಳೆಯ ಕೆಲಸ, ಮುಂದಿನ ಓದು, ವೃತ್ತಿ ಕಲಿಕೆ ಅಥವಾ ತರಬೇತಿಯ ಅವಕಾಶವನ್ನು ಒದಗಿಸಬೇಕು. ಸ್ವೀಡನ್ ಮತ್ತು ಫಿನ್ಲೆಂಡ್‌ನಂಥ ದೇಶಗಳಲ್ಲಿ ಇದು ಮೊದಲೇ ರೂಢಿಯಲ್ಲಿತ್ತು. ಯುವ ನಿರುದ್ಯೋಗ ಶೇ. 25ನ್ನು ಮೀರಿದ ಪ್ರದೇಶಗಳಿಗೆಂದು ಆರಂಭದಲ್ಲಿ 6 ಬಿಲಿಯನ್ ಯೂರೋ ತೆಗೆದಿರಿಸಲಾಯಿತು. ಆದರೆ ಖಾತರಿ ನಡೆಯುವುದು ಉದ್ಯೋಗ ಕಚೇರಿಯ ಮೇಜಿನಲ್ಲಿ. ಬಂದವರ ಹೆಸರು ಬರೆದುಕೊಂಡು, ಅವರೊಂದಿಗೆ ಕುಳಿತು ಮಾತಾಡಿ, ಸ್ಥಳೀಯ ಉದ್ಯೋಗದಾತರನ್ನು ವಿಚಾರಿಸಿ, ತಿಂಗಳ ನಂತರ ಮತ್ತೆ ಕರೆದು ಕೇಳುವಷ್ಟು ಸಿಬ್ಬಂದಿ ಇದ್ದರೆ ನಾಲ್ಕು ತಿಂಗಳ ಮಾತು ನಿಲ್ಲುತ್ತದೆ. ಸಿಬ್ಬಂದಿ ಕಡಿತ ನಡೆಯುತ್ತಿದ್ದ ದೇಶಗಳಿಗೆ ಸ್ವೀಡನ್ನಿನ ಪದ್ಧತಿಯನ್ನು ಕಾಗದದ ಮೇಲೆ ಸಾಗಿಸಬಹುದಿತ್ತು, ಆ ಮೇಜನ್ನಲ್ಲ. ಒಕ್ಕೂಟದ ಖರ್ಚುವೆಚ್ಚವನ್ನು ತಪಾಸಣೆ ಮಾಡುವ ಯುರೋಪಿಯನ್ ಲೆಕ್ಕಪರಿಶೋಧಕರ ನ್ಯಾಯಾಲಯ 2017ರಲ್ಲಿ ಪರಿಶೀಲಿಸಿ, ಸಾಧನೆ ನಿರೀಕ್ಷೆಗಿಂತ ಕಡಿಮೆ ಎಂದು ಹೇಳಿತು. 2020ರಲ್ಲಿ ವಯೋಮಿತಿಯನ್ನು 30ಕ್ಕೆ ಏರಿಸಲಾಯಿತು.

ಕೋವಿಡ್ ಬಂದಾಗ ಒಕ್ಕೂಟ ಬೇರೆಯೇ ರೀತಿಯಲ್ಲಿ ನಡೆದುಕೊಂಡಿತು. ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಎಂಬ ಹಳೆಯ ಪದ್ಧತಿಯೊಂದಿದೆ. ಕಾರ್ಖಾನೆಗೆ ಕೆಲಸ ಕಡಿಮೆಯಾದಾಗ ಜನರನ್ನು ತೆಗೆದುಹಾಕುವ ಬದಲು ಎಲ್ಲರ ಗಂಟೆಗಳನ್ನು ಇಳಿಸುತ್ತಾರೆ. ನಲವತ್ತು ಗಂಟೆಯ ವಾರ ಇಪ್ಪತ್ತಕ್ಕೆ ಇಳಿದರೆ ದುಡಿದ ಇಪ್ಪತ್ತು ಗಂಟೆಯ ಸಂಬಳವನ್ನು ಮಾಲೀಕರು ಕೊಡುತ್ತಾರೆ. ಕಳೆದುಹೋದ ನಿವ್ವಳ ಸಂಬಳದಲ್ಲಿ ಶೇ. 60ನ್ನು, ಮಕ್ಕಳಿರುವವರಿಗೆ ಶೇ. 67ನ್ನು ಉದ್ಯೋಗ ವಿಮೆ ತುಂಬಿಕೊಡುತ್ತದೆ. ಕೆಲಸಗಾರನ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯುತ್ತದೆ, ಕೈಚಳಕ ಕಾರ್ಖಾನೆಯಲ್ಲೇ ಉಳಿಯುತ್ತದೆ. ಇಂಥ ಯೋಜನೆಗಳನ್ನು ನಡೆಸಲು ಎಲ್ಲ ಸರ್ಕಾರಗಳ ಬೊಕ್ಕಸ ಒಂದೇ ರೀತಿ ತುಂಬಿರಲಿಲ್ಲ. 2020ರಲ್ಲಿ ಒಕ್ಕೂಟ ತನ್ನ ಹೆಸರಿನಲ್ಲಿ ಸಾಲ ಎತ್ತಿ, 100 ಬಿಲಿಯನ್ ಯೂರೋವರೆಗೆ ಸದಸ್ಯ ರಾಷ್ಟ್ರಗಳಿಗೆ ಸಾಲವಾಗಿ ಕೊಡುವ ಶ್ಯೂರ್ ಯೋಜನೆಯನ್ನು ರೂಪಿಸಿತು. 19 ದೇಶಗಳು 98.4 ಬಿಲಿಯನ್ ಪಡೆದವು; ಇಟಲಿ, ಸ್ಪೇನ್, ಪೋಲೆಂಡ್ ಹೆಚ್ಚು ಪಡೆದವರಲ್ಲಿ ಸೇರಿವೆ. ಆ ವರ್ಷ ಒಕ್ಕೂಟದ ಉತ್ಪನ್ನ ಸುಮಾರು ಶೇ. 6ರಷ್ಟು ಕುಸಿದರೂ, ವಾರ್ಷಿಕ ನಿರುದ್ಯೋಗದ ಪ್ರಮಾಣದಲ್ಲಿ ಆದ ಏರಿಕೆ ಒಂದು ಶೇಕಡಾ ಅಂಶಕ್ಕಿಂತ ಕಡಿಮೆ. ಇದರ ಪೂರ್ತಿ ಶ್ರೇಯ ಒಂದು ಯೋಜನೆಗೆ ಸಲ್ಲದು, ಆಯಾ ದೇಶಗಳು ಸ್ವಂತ ಹಣವನ್ನೂ ಹೇರಳವಾಗಿ ಸುರಿದಿದ್ದವು. ಆದರೆ 2012ರ ಕೈಯನ್ನು ನೋಡಿದವರಿಗೆ 2020ರ ಕೈಯ ವ್ಯತ್ಯಾಸ ಕಾಣದೆ ಇರದು.

ಇಷ್ಟು ಹೊತ್ತು ಸರ್ಕಾರಗಳ ಕಡೆಯಿಂದ ನೋಡಿದೆವು. ಜನರ ಓಡಾಟದ ಕಡೆಯಿಂದ ನೋಡಿದರೆ ಇನ್ನೊಂದು ತೊಡಕು ಎದುರಾಗುತ್ತದೆ. 2004ರಲ್ಲಿ ಹತ್ತು ದೇಶಗಳು ಸೇರಿದಾಗ, ಅವುಗಳಲ್ಲಿ ಪೂರ್ವ ಭಾಗದ ಎಂಟು ದೇಶಗಳ ಕಾರ್ಮಿಕರಿಗೆ ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಕೂಡಲೇ ಬಾಗಿಲು ತೆರೆದವು. ಜರ್ಮನಿ ಮತ್ತು ಆಸ್ಟ್ರಿಯಾ ನಿರ್ಬಂಧ ಇಟ್ಟುಕೊಳ್ಳಲು ಅವಕಾಶವಿದ್ದ ಗರಿಷ್ಠ ಏಳು ವರ್ಷಗಳ ಅವಧಿಯನ್ನು ಪೂರ್ತಿ ಬಳಸಿಕೊಂಡು 2011ರಲ್ಲಿ ತೆರೆದವು. 1990ರಲ್ಲಿ ಸುಮಾರು 37 ಲಕ್ಷ ಜನರಿದ್ದ ಲಿಥುವೇನಿಯಾದಲ್ಲಿ ಮೂರು ದಶಕಗಳ ನಂತರ ಸುಮಾರು 28 ಲಕ್ಷ ಮಂದಿ ಉಳಿದಿದ್ದರು. ಕೆಲಸವಿಲ್ಲದವನು ಊರು ಬಿಟ್ಟು ಹೋದರೆ ಅಲ್ಲಿನ ನಿರುದ್ಯೋಗದ ಪ್ರಮಾಣ ತಾನಾಗಿ ಇಳಿಯುತ್ತದೆ. ಹಾಗೆ ಇಳಿದ ಅಂಕಿಯನ್ನು ಸಮನ್ವಯದ ಯಶಸ್ಸೆಂದು ಬರೆದುಕೊಳ್ಳುವುದು ಹಿಂದೆ ಉಳಿದ ಮುದುಕರಿಗೆ ಮಾಡುವ ಅನ್ಯಾಯ.

ಹೋದ ಕಡೆಯಲ್ಲೂ ತಿಕ್ಕಾಟಗಳಾದವು. ಲಾಟ್ವಿಯಾದ ಕಟ್ಟಡ ಕಂಪನಿಯೊಂದು ತನ್ನ ಕಾರ್ಮಿಕರನ್ನು ಕರೆತಂದು ಸ್ವೀಡನ್ನಿನ ವಾಕ್ಸ್‌ಹೋಮ್‌ನಲ್ಲಿ ಶಾಲೆಯ ಕಾಮಗಾರಿ ನಡೆಸುತ್ತಿತ್ತು. ಸ್ವೀಡನ್ನಿನಲ್ಲಿ ಕನಿಷ್ಠ ವೇತನದ ಕಾನೂನಿಲ್ಲ, ಕಾರ್ಮಿಕ ಸಂಘದೊಂದಿಗಿನ ಸಾಮೂಹಿಕ ಒಪ್ಪಂದವೇ ಕೂಲಿಯನ್ನು ಗೊತ್ತುಮಾಡುತ್ತದೆ. ಕಂಪನಿ ಒಪ್ಪಂದಕ್ಕೆ ಸಹಿ ಹಾಕದಿದ್ದಾಗ ಸಂಘ ಕಾಮಗಾರಿಗೆ ದಿಗ್ಬಂಧನ ಹಾಕಿತು. 2007ರ ಡಿಸೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ, ಆ ದಿಗ್ಬಂಧನ ಸೇವೆ ಒದಗಿಸುವ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. ಹೊರದೇಶಕ್ಕೆ ಕಳುಹಿಸಲಾದ ಕಾರ್ಮಿಕರ ಬಗ್ಗೆ 1996ರ ನಿರ್ದೇಶನ, ಅಂದರೆ ಸದಸ್ಯ ರಾಷ್ಟ್ರಗಳು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಳ್ಳಬೇಕಾದ ಒಕ್ಕೂಟದ ಶಾಸನ, ಕನಿಷ್ಠ ದರದ ಕೂಲಿಯನ್ನಷ್ಟೇ ಕಡ್ಡಾಯ ಮಾಡಿತ್ತು. 2018ರ ತಿದ್ದುಪಡಿ ಆ ಮಾತನ್ನು ತೆಗೆದು, ಅದೇ ಜಾಗದಲ್ಲಿ ಅದೇ ಕೆಲಸ ಮಾಡುವ ಸ್ಥಳೀಯರಿಗೆ ಕಾನೂನು ಮತ್ತು ಸಾಮೂಹಿಕ ಒಪ್ಪಂದಗಳಂತೆ ಸಲ್ಲುವ ವೇತನದ ಎಲ್ಲ ಕಡ್ಡಾಯ ಅಂಶಗಳೂ ಇವರಿಗೆ ಸಲ್ಲಬೇಕು ಎಂದಿತು. ಹನ್ನೊಂದು ವರ್ಷ ತಡವಾದರೂ ಸರಿಯಾದ ತಿದ್ದುಪಡಿ ಅದು.

2022ರಲ್ಲಿ ಸಮರ್ಪಕ ಕನಿಷ್ಠ ವೇತನದ ನಿರ್ದೇಶನ ಬಂದಾಗ ಡೆನ್ಮಾರ್ಕ್ ಮತ್ತು ಸ್ವೀಡನ್ ವಿರೋಧಿಸಿದವು. ಕಾರ್ಮಿಕರ ಹಿತಕ್ಕೆ ಹೆಸರಾದ ದೇಶಗಳೇ ಹೀಗೆ ಮಾಡಿದ್ದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಕೂಲಿಯನ್ನು ಸಂಘ ಮತ್ತು ಮಾಲೀಕರು ಮಾತಾಡಿ ತೀರ್ಮಾನಿಸುವ ಪದ್ಧತಿಯೊಳಗೆ ಬ್ರಸೆಲ್ಸ್, ಅಂದರೆ ಒಕ್ಕೂಟ, ಕಾಲಿಟ್ಟರೆ ಆ ಪದ್ಧತಿಯೇ ಸಡಿಲಾಗುತ್ತದೆಂಬುದು ಅವುಗಳ ಭಯವಾಗಿತ್ತು. ಡೆನ್ಮಾರ್ಕ್ ನ್ಯಾಯಾಲಯಕ್ಕೆ ಹೋಯಿತು. 2025ರ ನವೆಂಬರ್‌ನಲ್ಲಿ ನ್ಯಾಯಾಲಯ ನಿರ್ದೇಶನದ ಬಹುಭಾಗವನ್ನು ಎತ್ತಿಹಿಡಿದು, ಕನಿಷ್ಠ ವೇತನ ನಿಗದಿಪಡಿಸುವಾಗ ನೋಡಲೇಬೇಕಾದ ಅಂಶಗಳ ಪಟ್ಟಿಯಂಥ ಕೆಲವನ್ನು ರದ್ದುಪಡಿಸಿತು.

ಕೊನೆಗೆ ಲಕ್ಸೆಂಬರ್ಗ್‌ಗೆ, 1997ರ ಶೃಂಗಸಭೆ ನಡೆದ ಜಾಗಕ್ಕೆ, ಮರಳುತ್ತೇನೆ. ಅಲ್ಲಿ ಸಂಬಳಕ್ಕೆ ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಫ್ರಾನ್ಸ್, ಬೆಲ್ಜಿಯಮ್ ಮತ್ತು ಜರ್ಮನಿಯಿಂದ ಗಡಿ ದಾಟಿ ಬಂದು ಹೋಗುವವರು. ಫ್ರಾನ್ಸಿನಲ್ಲಿ ಮನೆ ಮಾಡಿ ಲಕ್ಸೆಂಬರ್ಗ್‌ನಲ್ಲಿ ದುಡಿಯುವವರ ವಂತಿಗೆ ಲಕ್ಸೆಂಬರ್ಗ್‌ಗೆ ಹೋಗುತ್ತದೆ. ಅವರು ಕೆಲಸ ಕಳೆದುಕೊಂಡರೆ 2004ರ ನಿಯಮಾವಳಿಯ ಪ್ರಕಾರ ನಿರುದ್ಯೋಗ ಭತ್ಯೆ ಕೊಡಬೇಕಾದದ್ದು ಫ್ರಾನ್ಸ್. ಲಕ್ಸೆಂಬರ್ಗ್ ಅದರಲ್ಲಿ ಮೂರು ತಿಂಗಳ, ಕೆಲವು ಸಂದರ್ಭಗಳಲ್ಲಿ ಐದು ತಿಂಗಳ ಮೊತ್ತವನ್ನು ಮರುಪಾವತಿಸುತ್ತದೆ. ವಂತಿಗೆ ಪಡೆದ ದೇಶವೇ ಭತ್ಯೆಯನ್ನೂ ಕೊಡಲಿ ಎಂಬ ತಿದ್ದುಪಡಿಯನ್ನು ಆಯೋಗ 2016ರ ಡಿಸೆಂಬರ್‌ನಲ್ಲಿ ಮಂಡಿಸಿತು. ಕೆಲಸ ಹುಡುಕಿಕೊಂಡು ಬೇರೆ ದೇಶಕ್ಕೆ ಹೋಗುವವರು ತಮ್ಮ ಭತ್ಯೆಯನ್ನು ಜೊತೆಗೆ ಒಯ್ಯುವ ಅವಧಿಯನ್ನು ಮೂರು ತಿಂಗಳಿನಿಂದ ಕನಿಷ್ಠ ಆರು ತಿಂಗಳಿಗೆ ಏರಿಸುವ ಪ್ರಸ್ತಾಪವೂ ಅದರಲ್ಲೇ ಇತ್ತು. 2019ರಲ್ಲಿ ಸಂಧಾನಕಾರರು ತಾತ್ಕಾಲಿಕ ಒಪ್ಪಂದಕ್ಕೆ ಬಂದರು, ಸದಸ್ಯ ರಾಷ್ಟ್ರಗಳು ಅದನ್ನು ಒಪ್ಪಲಿಲ್ಲ. 2021ರ ಕೊನೆಯಲ್ಲಿ ಇನ್ನೊಂದು ಪ್ರಯತ್ನವೂ ಅಲ್ಲಿಗೇ ನಿಂತಿತು. ತಡೆ ಬಿದ್ದದ್ದು ಯಾವ ತತ್ತ್ವದ ಮೇಲೂ ಅಲ್ಲ. ಗಡಿಯ ಈಚೆ ಮಲಗಿ ಆಚೆ ದುಡಿಯುವ ಮನುಷ್ಯನಿಗೆ ಆರನೆಯ ತಿಂಗಳ ಭತ್ಯೆ ಯಾರ ಖಾತೆಯಿಂದ ಹೋಗಬೇಕು ಎಂಬುದರ ಮೇಲೆ.